ಮುಚ್ಚಳ ಮೇಡಂ ಮತ್ತು ತೆರೆದೇ ಇದ್ದ ನಲ್ಲಿ

ಕಾಲೇಜಿನ ಎರಡನೆಯ ಮಹಡಿಯ ಕೊನೆಯ ಕೋಣೆಗೆ ಸದಾ ಬೀಗ. ಬೀಗ ಹಾಕಿದ ಆ ಕೋಣೆಯೊಳಗೆ ದೀಪ ಉರಿಯುತ್ತಿರುತ್ತದೆ. ಮೋಟಾರೊಂದು ತನ್ನಷ್ಟಕ್ಕೆ ತಾನೇ ಗುರ್ ಎಂದು ತಿರುಗಲು ಶುರುಮಾಡುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ, ಆಮೇಲೆ ಮೂಲೆಯ ಸ್ಪ್ರಿಂಗು ತನಗೆ ಕಟ್ಟಿದ ಗುಂಡನ್ನು ಕುಣಿಸತೊಡಗುತ್ತದೆ. ವಿಭಾಗದ ಮುಖ್ಯಸ್ಥರು ಮೊದಲ ಸಲ ಈ ಆಟವನ್ನು ಕಂಡಾಗ ಕೈಯಲ್ಲಿದ್ದ ಚಹಾವನ್ನು ಅಂಗಿಯ ಮೇಲೆ ಚೆಲ್ಲಿಕೊಂಡರು. ಹೆದರಿದ್ದನ್ನು ಮಾತ್ರ ಇಂದಿಗೂ ಒಪ್ಪಿಕೊಂಡಿಲ್ಲ. ಹೆದರುವಂಥದ್ದೇನೂ ಅಲ್ಲಿಲ್ಲ. ಬೇರೆ ಬೇರೆ ಊರುಗಳಲ್ಲಿ ಕುಳಿತ ವಿದ್ಯಾರ್ಥಿಗಳು ತಮ್ಮ ಕಂಪ್ಯೂಟರಿನಿಂದ ಇಲ್ಲಿನ ಯಂತ್ರಗಳನ್ನು ಆಡಿಸಿ, ಕ್ಯಾಮೆರಾದಲ್ಲಿ ನೋಡಿ, ಅಳತೆ ಬರೆದುಕೊಳ್ಳುತ್ತಾರೆ. ಲ್ಯಾಬಿಗೆ ಬರಲಾಗದವರ ಮನೆಗೆ ಲ್ಯಾಬನ್ನೇ ಕಳಿಸುವ ಏರ್ಪಾಡು ಇದು. ಇದರ ಸಾಫ್ಟ್‌ವೇರ್ ಬರೆದವರು, ಯಂತ್ರಗಳ ಧೂಳು ಒರೆಸುವವರು, ಏನಾದರೂ ಕೆಟ್ಟರೆ ಬೈಸಿಕೊಳ್ಳುವವರು ಎಲ್ಲ ಒಬ್ಬರೇ: ಮುಚ್ಚಳ ಮೇಡಂ.

ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಆದರೆ ಅದು ಸಂಬಳದ ದಿನ ಬಿಟ್ಟರೆ ಬಳಕೆಯಲ್ಲಿಲ್ಲ. ಹಿಂದೆ ಒಂದೊಂದು ಯಂತ್ರಕ್ಕೂ ಒಂದೊಂದು ಸಾಫ್ಟ್‌ವೇರ್ ಇತ್ತು. ಯಾರೋ ವಿದ್ಯಾರ್ಥಿ ಬರೆದು, ಅಂಕ ಗಿಟ್ಟಿಸಿಕೊಂಡು, ಕೈ ತೊಳೆದುಕೊಂಡು ಹೋಗುತ್ತಿದ್ದ. ಹೊಸ ಯಂತ್ರ ಬಂದರೆ ಮತ್ತೆ ಮೊದಲಿನಿಂದ ಶುರು. ಮೇಡಂಗೆ ಅದು ಸಹಿಸದಾಯಿತು. ಸರದಿ ಕಾಯಿಸುವುದು, ಕ್ಯಾಮೆರಾ ತೋರಿಸುವುದು, ಅಳತೆ ಕೂಡಿಡುವುದು, ಅವಧಿ ಮುಗಿದಾಗ ಯಂತ್ರವನ್ನು ಸುಮ್ಮನಾಗಿಸುವುದು, ಇವೆಲ್ಲ ಎಲ್ಲ ಯಂತ್ರಕ್ಕೂ ಬೇಕಾದ ಕೆಲಸಗಳೇ ತಾನೆ? ಒಂದೇ ಸಲ ಚೆನ್ನಾಗಿ ಬರೆದಿಟ್ಟುಕೊಂಡರೆ ಯಾವ ಯಂತ್ರ ಬಂದರೂ ಅದರ ಮೇಲೆ ಕೂರಿಸಬಹುದು. ಇದನ್ನು ವಿಭಾಗದ ಸಭೆಯಲ್ಲಿ ವಿವರಿಸುವಾಗ, "ಡಬ್ಬಿ ಎಷ್ಟಾದ್ರೂ ಇರ್ಲಿ ಸಾರ್, ಮುಚ್ಚಳ ಒಂದೇ ಇರ್ಬೇಕು. ಯಾವ ಡಬ್ಬಿಗೆ ಹಾಕಿದ್ರೂ ಟಪ್ ಅಂತ ಕೂರ್ಬೇಕು," ಎಂದು ಮೇಜಿನ ಮೇಲೆ ಅಂಗೈ ಬಡಿದು ತೋರಿಸಿದರು. ಅಂದಿನಿಂದ ಹೆಸರು ಅಂಟಿಕೊಂಡಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಒಳಗೊಳಗೇ ಖುಷಿಯೇ ಆಯಿತು ಎಂದು ನನ್ನ ಗುಮಾನಿ.

ಮನೆಯಲ್ಲೂ ಇದೇ ಗೀಳು. ಅಡುಗೆಮನೆಯ ಹಳೆಯ ಡಬ್ಬಿಗಳನ್ನೆಲ್ಲ ಗುಜರಿಗೆ ಹಾಕಿ, ಒಂದೇ ಅಳತೆಯ ಬಾಯಿಯ, ಗಾಳಿಯಾಡದ ಮುಚ್ಚಳದ ಹೊಸ ಡಬ್ಬಿಗಳನ್ನು ತಂದು ಸಾಲಾಗಿ ಜೋಡಿಸಿದರು. ಉತ್ಸಾಹದಲ್ಲಿ ಈರುಳ್ಳಿಯನ್ನೂ ತುಂಬಿ ಬಿಗಿಯಾಗಿ ಮುಚ್ಚಿದರು. ವಾರ ಕಳೆದು ಮುಚ್ಚಳ ತೆಗೆದಾಗ ಮನೆಯವರೆಲ್ಲ ಮೂಗು ಹಿಡಿದುಕೊಂಡು ಅಂಗಳಕ್ಕೆ ಓಡಿದರು. ಅವರ ಅತ್ತೆ ಸೊಸೆಯನ್ನು ಬೈಯುವ ಅವಕಾಶಕ್ಕಾಗಿ ಹುಡುಕುವವರಲ್ಲ, ಆದರೆ ತಾನಾಗಿ ಬಂದದ್ದನ್ನು ಬಿಡುವವರೂ ಅಲ್ಲ.

"ಈರುಳ್ಳಿಗೆ ಗಾಳಿ ಬೇಕಮ್ಮ. ಅದೇನು ಸಕ್ಕರೇನಾ, ಉಸಿರು ಕಟ್ಟಿ ಕೂರೋಕ್ಕೆ?"

"ಸರಿ ಅತ್ತೆ, ಅದಕ್ಕೊಂದು ಬುಟ್ಟಿ ಇಡ್ತೀನಿ," ಎಂದು ಮೇಡಂ ನಕ್ಕು, ಮತ್ತೆ ತಮ್ಮ ಕಂಪ್ಯೂಟರಿನ ಮುಂದೆ ಕುಳಿತರು. ಬುಟ್ಟಿ ಬಂತು. ವಿಷಯ ಅಲ್ಲಿಗೇ ಮುಗಿಯಿತು ಎಂದುಕೊಂಡರು.

ಈ ಮುಚ್ಚಳದ ಹಿಂದೆ ಒಂದು ಹಳೆಯ ನೋವಿದೆ. ಮೇಡಂ ಓದುತ್ತಿದ್ದ ಕಾಲದಲ್ಲಿ ಇಡೀ ತರಗತಿಗೆ ಒಂದೇ ಯಂತ್ರ. ಮುಂದೆ ನಿಂತ ಹುಡುಗರು ನಾಬ್ ತಿರುಗಿಸುವರು, ಅಳತೆ ಕೂಗುವರು. ಹಿಂದೆ ನಿಂತವರು ಬರೆದುಕೊಳ್ಳುವರು. ಮೇಡಂ ಹಿಂದಿನ ಸಾಲು. ಗಿಡ್ಡಗಿದ್ದರು, ಮೆತ್ತಗಿದ್ದರು, ಮುಂದೆ ನುಗ್ಗಿ ಗೊತ್ತಿರಲಿಲ್ಲ. ಎಷ್ಟೋ ಸಲ ಅಂಕಿ ಸರಿಯಾಗಿ ಕೇಳಿಸದೆ ಪಕ್ಕದವಳನ್ನು ನೋಡಿ ಬರೆದರು. ಹುಡುಗರು ಗದ್ದಲ ಮಾಡುತ್ತ ಹೊರಗೆ ಹೋದ ಮೇಲೆ ಸ್ವಿಚ್ಚು ಆರಿಸಿ, ನಲ್ಲಿ ಮುಚ್ಚಿ, ಯಂತ್ರಕ್ಕೆ ಬಟ್ಟೆ ಹೊದಿಸಿ ಬರುವುದು ಹುಡುಗಿಯರ ಪಾಲಿನ ಕೆಲಸ. ಹೀಗೆ ಯಂತ್ರವನ್ನು ಮುಚ್ಚಿದ ಕೈಗೆ ಯಂತ್ರವನ್ನು ಆಡಿಸುವ ಭಾಗ್ಯ ಒಮ್ಮೆಯೂ ಬರಲಿಲ್ಲ. ಮೊದಲ ದರ್ಜೆಯಲ್ಲಿ ಪಾಸಾದರು. ಪದವಿ ಕೈಗೆ ಬಂದ ದಿನ ಮನೆಯವರೆಲ್ಲ ಸಂಭ್ರಮಿಸುತ್ತಿದ್ದರೆ ಇವರಿಗೆ ಮಾತ್ರ ತಾನು ಯಾರಿಗೋ ಮೋಸ ಮಾಡಿದೆನೇನೋ ಎಂಬ ಸಂಕಟ.

ಆದ್ದರಿಂದಲೇ ದೂರದ ಲ್ಯಾಬು. ಕಂಪ್ಯೂಟರಿನ ಸರದಿಯಲ್ಲಿ ಮುಂದಿನ ಸಾಲು, ಹಿಂದಿನ ಸಾಲು ಎಂಬುದಿಲ್ಲ. ಸರದಿ ಬಂದಾಗ ಯಂತ್ರ ಒಬ್ಬರದೇ. ಪರದೆಯ ಮೇಲಿನ ನಾಬನ್ನು ಯಾರೂ ಅವರ ಕೈಯಿಂದ ಕಿತ್ತುಕೊಳ್ಳುವಂತಿಲ್ಲ.

ಹಾಗೆ ಸರದಿ ಹಿಡಿಯುವವರಲ್ಲಿ ಒಬ್ಬಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಹುಡುಗಿ. ಕಾಲೇಜಿನಿಂದ ಬಹಳ ದೂರದ ಊರು. ವಾರವೆಲ್ಲ ಕೌಂಟರಿನ ಕಿಂಡಿಯ ಹಿಂದೆ ಕುಳಿತು ಚಿಲ್ಲರೆಗಾಗಿ ಜಗಳವಾಡುವವರನ್ನು ಸಮಾಧಾನ ಮಾಡಿ, ರಜಾದಿನ ಎಂಜಿನಿಯರಿಂಗ್ ಓದುತ್ತಿದ್ದಳು. ಅವಳ ಪ್ರಶ್ನೆಗಳಿಗೆ ಕೊನೆಯೇ ಇರುತ್ತಿರಲಿಲ್ಲ. "ಮೇಡಂ, ಮೋಟಾರ್ ನಿಲ್ಲೋ ಮುಂಚೆ ಒಂದು ಸಲ ನಡುಗತ್ತಲ್ಲ, ಅದ್ಯಾಕೆ?" ಎಂದು ಕೇಳಿ ಮೇಡಂ ಅವರನ್ನೂ ತಲೆ ಕೆರೆದುಕೊಳ್ಳುವಂತೆ ಮಾಡಿದ್ದಳು. ಮೇಡಂಗೆ ಅವಳೆಂದರೆ ಅಕ್ಕರೆ. ಅವಳ ಮುಖವನ್ನು ಅವರು ಪರದೆಯ ಮೇಲಲ್ಲದೆ ಬೇರೆಲ್ಲೂ ಕಂಡವರಲ್ಲ.

ಆ ವರ್ಷ ಲ್ಯಾಬಿಗೆ ಹೊಸ ಯಂತ್ರ ಬಂತು. ಒಂದು ಗಾಜಿನ ತೊಟ್ಟಿ, ತಳದಲ್ಲಿ ನೀರು ಹೊರಹೋಗುವ ಒಂದು ಸಣ್ಣ ಕೊಳವೆ, ಮೇಲಿನಿಂದ ನೀರು ಬಿಡುವ ಒಂದು ವಿದ್ಯುತ್ ನಲ್ಲಿ. ನೀರಿನ ಮಟ್ಟವನ್ನು ಒಂದೇ ಎತ್ತರದಲ್ಲಿ ನಿಲ್ಲಿಸುವುದು ಪ್ರಯೋಗ. ಆ ನಲ್ಲಿಯನ್ನು ಮೇಡಂ ಕೆಟ್ಟುಹೋದ ಒಂದು ಯಂತ್ರದಿಂದ ಬಿಚ್ಚಿ ತಂದಿದ್ದರು. ಹಳೆಯ ಮುಚ್ಚಳವನ್ನೇ ಹೊಸ ಡಬ್ಬಿಯ ಮೇಲಿಟ್ಟರು, ಟಪ್ ಎಂದು ಕೂತಿತು. ಹಲವು ಸಲ ಪರೀಕ್ಷೆ ಮಾಡಿದರು. ಎಲ್ಲ ಸರಿಯಾಗಿತ್ತು. ಒಂದು ರಜಾದಿನ ಮೊದಲ ಸರದಿಯನ್ನು ಟಿಕೆಟ್ ಹುಡುಗಿಗೆ ಕೊಟ್ಟು, ಅವಳು ಶುರುಮಾಡಿದ ಮೇಲೆ ಗೋಡೆಯ ಮೇಲಿನ ಮುಖ್ಯ ನಲ್ಲಿಯನ್ನು ತೆರೆದಿಟ್ಟು, ಕೋಣೆಗೆ ಬೀಗ ಹಾಕಿ ನೆಮ್ಮದಿಯಾಗಿ ಮನೆಗೆ ಹೋದರು.

ರಜೆ ಮುಗಿಸಿ ಮುಖ್ಯಸ್ಥರು ತಮ್ಮ ಕೋಣೆಯ ಬಾಗಿಲು ತೆಗೆದರೆ ಒಳಗೆ ಪುಟ್ಟ ಕೆರೆ. ಅವರ ಕೋಣೆ ಲ್ಯಾಬಿನ ಸರಿಯಾಗಿ ಕೆಳಗೆ. ಚಾವಣಿಯಿಂದ ನೀರು ಸೋರಿ, ಗೋಡೆಯ ಬಣ್ಣ ಉಬ್ಬಿ, ಅವರ ಕುರ್ಚಿಯ ಮೆತ್ತೆ ಒದ್ದೆ ಮುದ್ದೆಯಾಗಿತ್ತು. ಯಾವುದಕ್ಕೂ "ನೋಡೋಣ" ಎನ್ನುವುದು ಮುಖ್ಯಸ್ಥರ ಸ್ವಭಾವ. ಅವರಿಗೆ ನೋಡೋಣ ಸಾರ್ ಎಂದೇ ಹೆಸರು. ಅಂದು ಮಾತ್ರ ಅವರು ನೋಡೋಣ ಎನ್ನಲಿಲ್ಲ.

"ಕೊನೆಗೆ ಆ ಯಂತ್ರ ಮುಟ್ಟಿದ್ದು ಯಾರು?"

ಮೇಡಂ ಕಂಪ್ಯೂಟರಿನಲ್ಲಿ ನೋಡಿದರು. ಕೊನೆಯ ಆಜ್ಞೆ ನಲ್ಲಿ ಪೂರ್ತಿ ತೆರೆಯುವಂತೆ ಇತ್ತು, ಟಿಕೆಟ್ ಹುಡುಗಿಯ ಹೆಸರಿನಲ್ಲಿತ್ತು. ಆ ಹೆಸರನ್ನು ಮತ್ತೆ ಮತ್ತೆ ಓದಿದರು. ಆದರೂ ಇದ್ದದ್ದನ್ನು ಹೇಳಿದರು.

"ಆಯ್ತಲ್ಲ. ಆ ಹುಡುಗಿ ಈ ವರ್ಷ ಫೇಲು. ಮುಂದಿನ ವಾರ ಬೇರೆ ಕಾಲೇಜಿನವರು ನಿಮ್ಮ ಸಾಫ್ಟ್‌ವೇರ್ ನೋಡೋಕ್ಕೆ ಬರ್ತಿದ್ದಾರೆ. ಅವರಿಗೆ ಹಿಡಿಸಿದ್ರೆ ಎಲ್ಲಾ ಕಾಲೇಜಲ್ಲೂ ಇದೇ ನಡೆಯತ್ತೆ. ಆದ್ರೆ ಇನ್ಮೇಲೆ ವಿದ್ಯಾರ್ಥಿಗಳು ಯಂತ್ರ ಮುಟ್ಟೋದು ಬೇಡ. ನಾವೇ ಮಾಡಿ ವಿಡಿಯೋ ಹಾಕೋಣ. ಅವರು ನೋಡಿ ಬರ್ಕೊಳ್ಳಿ ಸಾಕು."

ನೋಡಿ ಬರ್ಕೊಳ್ಳಿ ಸಾಕು. ಮೇಡಂಗೆ ಯಾರೋ ತಮ್ಮನ್ನು ಭುಜ ಹಿಡಿದು ಮತ್ತೆ ಆ ಹಿಂದಿನ ಸಾಲಿಗೆ ತಳ್ಳಿದಂತಾಯಿತು. ತಮ್ಮನ್ನೊಬ್ಬರನ್ನೇ ಅಲ್ಲ, ದೂರದ ಊರುಗಳಲ್ಲಿ ಸರದಿ ಕಾಯುತ್ತಿದ್ದ ಎಲ್ಲರನ್ನೂ.

ಆ ಸಿಟ್ಟನ್ನು ಅವರು ತೀರಿಸಿಕೊಂಡದ್ದು ಹುಡುಗಿಯ ಮೇಲೆ. ಅನ್ಯಾಯವೇ, ಆದರೆ ಸಿಟ್ಟು ಬಂದಾಗ ನಾವೆಲ್ಲ ಕೈಗೆ ಎಟುಕಿದವರ ಕಿವಿಯನ್ನೇ ಹಿಂಡುವುದು. ಫೋನು ಹಚ್ಚಿ, "ಏನಮ್ಮ ಇದು, ನಲ್ಲಿ ಮುಚ್ಚಿ ಹೋಗ್ಬೇಕು ಅಂತ ಗೊತ್ತಾಗಲ್ವಾ?" ಎಂದರು.

"ಮುಚ್ಚಿದ್ದೆ ಮೇಡಂ. ನೀರು ನಿಂತಿದ್ದನ್ನ ಕ್ಯಾಮೆರಾದಲ್ಲಿ ನೋಡೇ ಎದ್ದಿದ್ದು."

"ಇಲ್ಲಿ ನಿನ್ನ ಹೆಸರಲ್ಲೇ ತೆರೆದಿದೆಯಲ್ಲ. ಕಂಪ್ಯೂಟರ್ ಸುಳ್ಳು ಹೇಳತ್ತಾ?"

ಆ ಕಡೆ ಬಸ್ಸುಗಳ ಹಾರನ್ನಿನ ನಡುವೆ ಹುಡುಗಿ, "ನೀವು ಹೇಳ್ತಿದ್ದೀರಿ ಅಂದ್ರೆ ಹಾಗೇ ಇರ್ಬೇಕು ಮೇಡಂ," ಎಂದಳು. ಮೋಟಾರು ಯಾಕೆ ನಡುಗುತ್ತದೆ ಎಂದು ಕೇಳುತ್ತಿದ್ದ ಹುಡುಗಿ ಈಗ ಏನನ್ನೂ ಕೇಳಲಿಲ್ಲ. ಅದು ಮೇಡಂಗೆ ಮುಳ್ಳಿನಂತೆ ಚುಚ್ಚಿತು.

ನಡೆದದ್ದನ್ನು ವರದಿ ಮಾಡಬೇಕಿತ್ತು. ಅದಕ್ಕಾಗಿ ಮೇಡಂ ಲ್ಯಾಬಿಗೆ ಹೋಗಿ, ಗೋಡೆಯ ಮುಖ್ಯ ನಲ್ಲಿ ತೆರೆದು, ತೊಟ್ಟಿಯ ಪ್ರಯೋಗವನ್ನು ತಾವೇ ಇನ್ನೊಮ್ಮೆ ನಡೆಸಿದರು. ನೀರು ಬಿಟ್ಟರು, ಮಟ್ಟ ನಿಲ್ಲಿಸಿದರು, ಪರದೆಯ ಮೇಲೆ ನಲ್ಲಿ ಮುಚ್ಚಿದರು, ಅವಧಿ ಮುಗಿಸಿ ಎದ್ದರು. ಏಳುವಷ್ಟರಲ್ಲಿ ಅವರ ಬಲಗೈ ಯಾರೂ ಹೇಳದೆಯೇ ಚಾಚಿಕೊಂಡು ಗೋಡೆಯ ಮುಖ್ಯ ನಲ್ಲಿಯನ್ನು ತಿರುಗಿಸಿ ಬಿಗಿ ಮಾಡಿಬಿಟ್ಟಿತ್ತು.

ಮೇಡಂ ನಿಂತಲ್ಲೇ ನಿಂತು ತಮ್ಮ ಕೈಯನ್ನು ದಿಟ್ಟಿಸಿದರು. ಪರೀಕ್ಷೆ ಮಾಡಿದ ಪ್ರತಿ ಸಲವೂ ಈ ಕೈ ಹೀಗೇ ಮಾಡಿರಬೇಕು. ಹುಡುಗರು ಆಡಿಸಿ ಬಿಟ್ಟುಹೋದದ್ದನ್ನೆಲ್ಲ ಮುಚ್ಚಿ ಬಂದ ಕೈ ಅದು. ವಯಸ್ಸು ಐವತ್ತು ದಾಟಿದರೂ ಚಾಳಿ ಬಿಟ್ಟಿರಲಿಲ್ಲ. ದೂರದಿಂದ ನಡೆಸುವ ಯಂತ್ರವನ್ನು ಅವರು ಯಾವತ್ತೂ ದೂರ ನಿಂತು ಪರೀಕ್ಷಿಸಿರಲೇ ಇಲ್ಲ.

ಮುಖ್ಯ ನಲ್ಲಿಯನ್ನು ಮತ್ತೆ ತೆರೆದು ಕುರ್ಚಿಯಲ್ಲಿ ಕುಳಿತರು. ಪ್ರಯೋಗ ಮುಗಿಸಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕಾದರು. ಮುಚ್ಚಿದ್ದ ವಿದ್ಯುತ್ ನಲ್ಲಿ ಕ್ಲಿಕ್ ಎಂದಿತು. ನೀರು ಭರ್ರೆಂದು ತೊಟ್ಟಿಗೆ ಬೀಳತೊಡಗಿತು.

ಆಮೇಲೆ ಎಲ್ಲ ಬಿಡಿಸಿಕೊಂಡಿತು. ಅವಧಿ ಮುಗಿದ ಕೂಡಲೇ ಅವರ ಮುಚ್ಚಳ ಎಲ್ಲ ಯಂತ್ರಕ್ಕೂ ಒಂದೇ ಆಜ್ಞೆ ಕೊಡುತ್ತಿತ್ತು: ಸೊನ್ನೆ. ಸೊನ್ನೆ ಎಂದರೆ ಮೋಟಾರು ನಿಲ್ಲುತ್ತದೆ, ಸ್ಪ್ರಿಂಗು ಸುಮ್ಮನಾಗುತ್ತದೆ. ಆದರೆ ಈ ನಲ್ಲಿ ಬಂದದ್ದು ಬಿಸಿಯಾಗುವ ಯಂತ್ರಕ್ಕೆ ತಣ್ಣೀರು ಹಾಯಿಸುವ ಜಾಗದಿಂದ. ಏನೇ ಎಡವಟ್ಟಾದರೂ ಯಂತ್ರ ಸುಟ್ಟುಹೋಗಬಾರದೆಂದು, ಸೊನ್ನೆ ಎಂದರೆ ಪೂರ್ತಿ ತೆರೆದುಕೊಳ್ಳುವುದೇ ಅದರ ಜಾಯಮಾನ. ಆ ಸೊನ್ನೆಯನ್ನು ಕೊಟ್ಟದ್ದು ಮುಚ್ಚಳ. ಬರೆದುಕೊಂಡದ್ದು ಮಾತ್ರ ಸರದಿಯಲ್ಲಿದ್ದ ಹುಡುಗಿಯ ಹೆಸರಿನಲ್ಲಿ. ಮೇಡಂಗೆ ಯಾಕೋ ಈರುಳ್ಳಿ ನೆನಪಾಯಿತು.

ತಿದ್ದುವುದು ನೀರು ಕುಡಿದಷ್ಟು ಸುಲಭ. ಒಂದು ಸಾಲು ಬದಲಿಸಿದರೆ ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಅತಿಥಿಗಳು ಬರುತ್ತಾರೆ, ಮೆಚ್ಚುತ್ತಾರೆ, ಇಷ್ಟು ವರ್ಷದ ದುಡಿಮೆ ಊರೂರಿನ ಕಾಲೇಜುಗಳಿಗೆ ಹರಡುತ್ತದೆ. ಹುಡುಗಿ ಹೇಗೂ ಮುಂದಿನ ವರ್ಷ ಪಾಸಾಗುತ್ತಾಳೆ. ಎಲ್ಲ ಒಮ್ಮೆ ನಡೆಯಲಿ, ನಾಬನ್ನು ಆಮೇಲೆ ಮೆಲ್ಲಗೆ ವಾಪಸು ಕೊಡಿಸಬಹುದು. ಮೇಡಂ ಇದನ್ನೆಲ್ಲ ಯೋಚಿಸಲಿಲ್ಲ ಎಂದು ಹೇಳಿ ಅವರನ್ನು ನಿಮ್ಮ ಕಣ್ಣಲ್ಲಿ ಎತ್ತರಕ್ಕೆ ಏರಿಸಲಾರೆ. ಯೋಚಿಸಿದರು. ಬಸ್ಸಿನಲ್ಲಿ ಯೋಚಿಸಿದರು, ಊಟದ ತಟ್ಟೆಯ ಮುಂದೆಯೂ ಯೋಚಿಸಿದರು.

"ಅನ್ನ ಆರಿಹೋಯ್ತು," ಎಂದರು ಅತ್ತೆ. "ಏನಾಯ್ತು ನಿನಗೆ?"

"ನನ್ನ ತಪ್ಪಿಗೆ ಒಂದು ಹುಡುಗಿ ಬೈಸಿಕೊಂಡ್ಳು ಅತ್ತೆ. ಬೈದಿದ್ದೂ ನಾನೇ."

"ನಿನ್ನ ತಪ್ಪು ಅಂತ ಕಾಲೇಜಲ್ಲಿ ಹೇಳಿದ್ಯಾ?"

"ಇನ್ನೂ ಇಲ್ಲ. ಹೇಳಿದ್ರೆ ಇಷ್ಟು ವರ್ಷ ಮಾಡಿದ್ದೆಲ್ಲ ಹಳ್ಳ ಹಿಡಿಯತ್ತೆ."

ಅತ್ತೆ ಸೊಸೆಯ ಮುಖ ನೋಡಿದರು. "ಹೇಳದೇ ಇದ್ರೆ ಅನ್ನ ಇಳಿಯತ್ತಾ? ಈಗ್ಲೇ ಇಳೀತಿಲ್ವಲ್ಲ," ಎಂದವರು, ತಟ್ಟೆಯನ್ನು ಎಳೆದುಕೊಂಡು ಬಿಸಿ ಮಾಡಲು ಒಳಗೆ ಹೋದರು.

ಅತಿಥಿಗಳು ಬಂದ ದಿನ ಮೇಡಂ ತೊಟ್ಟಿಯ ಸುತ್ತ ದೊಡ್ಡ ಟಬ್ಬುಗಳನ್ನು ಜೋಡಿಸಿ ಇಟ್ಟಿದ್ದರು. ಅದೇಕೆ ಎಂದು ಮುಖ್ಯಸ್ಥರು ಕೇಳುವ ಮೊದಲೇ, ಅತಿಥಿಗಳಲ್ಲಿ ಹಿರಿಯರಾದ ಪ್ರೊಫೆಸರರನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು.

"ವಿದ್ಯಾರ್ಥಿ ಹಾಗೇ ನೀವೇ ಮಾಡಿ ನೋಡಿ ಸಾರ್. ಕೊನೆಗೆ ನಲ್ಲಿ ಮುಚ್ಚಿ, ಅವಧಿ ಮುಗಿಸಿ, ಕೈ ಜೇಬಲ್ಲಿ ಇಟ್ಕೊಳ್ಳಿ."

ಪ್ರೊಫೆಸರರು ಚಿಕ್ಕ ಮಕ್ಕಳಂತೆ ಖುಷಿಯಿಂದ ನೀರಿನ ಮಟ್ಟ ಏರಿಸಿ, ಇಳಿಸಿ, ನಲ್ಲಿ ಮುಚ್ಚಿ, ಅವಧಿ ಮುಗಿಸಿದರು. ಕ್ಲಿಕ್. ನೀರು ಭರ್ರೆಂದು ಬಂತು. ತೊಟ್ಟಿಯ ಕಂಠದವರೆಗೆ ಏರಿತು.

"ಮೇಡಂ, ನೀರು! ಮುಚ್ಚಿ, ಮುಚ್ಚಿ!" ಎಂದು ಮುಖ್ಯಸ್ಥರು ಕೂಗಿದರು. ಪಾಪ, ಅವರ ಕಣ್ಣ ಮುಂದೆ ಕೆಳಗಿನ ಹೊಸ ಕುರ್ಚಿ.

ಮೇಡಂ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಬಲಗೈ ಗೋಡೆಯ ಕಡೆಗೆ ಹೋಗಲು ಒದ್ದಾಡುತ್ತಿತ್ತು, ಎಡಗೈ ಅದರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು. "ಯಾರೂ ಮುಟ್ಬೇಡಿ," ಎಂದರು. ನೀರು ಅಂಚು ದಾಟಿ ಟಬ್ಬಿಗೆ ಇಳಿಯಿತು. ಆಮೇಲೆಯೇ ಅವರು ಹೋಗಿ ಮುಖ್ಯ ನಲ್ಲಿ ಮುಚ್ಚಿದ್ದು.

"ಈಗ ಕೊನೆಯ ಆಜ್ಞೆ ಯಾರ ಹೆಸರಲ್ಲಿದೆ ನೋಡಿ ಸಾರ್."

ಪ್ರೊಫೆಸರರು ಪರದೆಗೆ ಬಗ್ಗಿ ನೋಡಿದರು. ಅವರದೇ ಹೆಸರು. ಮುಖ ಹುಳ್ಳಗಾಯಿತು. "ನಾನು ಮುಚ್ಚಿದ್ದೆ ಕಣ್ರೀ! ನೀವೆಲ್ಲ ನೋಡಿದ್ರಲ್ಲ!"

"ಆ ಹುಡುಗೀನೂ ಇದನ್ನೇ ಹೇಳಿದ್ಳು. ನೋಡಿದವರು ಯಾರೂ ಇರ್ಲಿಲ್ಲ, ನಾನೂ ನಂಬ್ಲಿಲ್ಲ," ಎಂದರು ಮೇಡಂ. "ತಪ್ಪು ಅವಳದ್ದಲ್ಲ. ಮುಚ್ಚಳ ಬರೆದೋಳು ನಾನು. ಎಲ್ಲಾ ಯಂತ್ರಕ್ಕೂ ಸುಮ್ಮನಿರೋದು ಅಂದ್ರೆ ಒಂದೇ ಅಂದ್ಕೊಂಡಿದ್ದೆ. ಇದನ್ನ ಸರಿ ಮಾಡ್ತೀನಿ. ಆದ್ರೆ ಇದೇ ನೆಪ ಇಟ್ಕೊಂಡು ಮಕ್ಕಳ ಕೈಯಿಂದ ನಾಬ್ ಕಿತ್ಕೋಬೇಡಿ. ಬರೀ ನೋಡಿ ಬರ್ಕೊಂಡವರಿಗೆ ಏನು ಬರತ್ತೆ ಅಂತ ನನಗೆ ಗೊತ್ತು. ನಾನು ಹಾಗೇ ಪಾಸಾದವಳು."

ಅತಿಥಿಗಳು ಚಹಾ ಕುಡಿದು, "ಸರಿಯಾದ ಮೇಲೆ ತಿಳಿಸಿ," ಎಂದು ಹೊರಟರು. ಹಾಗೆಂದು ಹೊರಟವರು ಇನ್ನೂ ಬಂದಿಲ್ಲ. ಬಂದರೂ ಬರಬಹುದು, ಬಾರದೆಯೂ ಇರಬಹುದು. ಮುಖ್ಯಸ್ಥರು ಕೆಲವು ದಿನ ಮೇಡಂ ಜತೆ ಮಾತು ಬಿಟ್ಟರು. ಆದರೆ ಹುಡುಗಿಯನ್ನು ಫೇಲು ಮಾಡಲು ಅವರ ಬಳಿ ಕಾರಣ ಉಳಿದಿರಲಿಲ್ಲ, ನಾಬ್ ಕಿತ್ತುಕೊಳ್ಳಲೂ ಇರಲಿಲ್ಲ. ಆ ಮಾತು ಎತ್ತಿದಾಗ ಕಡೆಗೂ "ನೋಡೋಣ" ಎಂದರು. ಅವರ ಬಾಯಲ್ಲಿ ಅದು ಹೂಂ ಎಂದ ಹಾಗೆಯೇ.

ಮೇಡಂ ಮುಚ್ಚಳವನ್ನು ಬಿಚ್ಚಿ ಮತ್ತೆ ಬರೆದರು. ಈಗ ಹೊಸ ಯಂತ್ರ ಯಾವುದೇ ಬರಲಿ, ಮುಚ್ಚಳ ಮೊದಲು ಕೇಳುತ್ತದೆ: ಸುಮ್ಮನಿರು ಎಂದರೆ ನೀನು ಏನು ಮಾಡಬೇಕು? ಮೋಟಾರು ನಿಲ್ಲಬೇಕು, ನಲ್ಲಿ ಮುಚ್ಚಿಕೊಳ್ಳಬೇಕು, ಕುಲುಮೆಯಾದರೆ ಆರುವ ತನಕ ಅದರ ಫ್ಯಾನು ತಿರುಗುತ್ತಲೇ ಇರಬೇಕು. ಉತ್ತರ ಕೊಡದ ಡಬ್ಬಿಯ ಮೇಲೆ ಮುಚ್ಚಳ ಕೂರುವುದೇ ಇಲ್ಲ. ಯಂತ್ರದ ಉತ್ತರ ಸರಿಯೋ ಎಂದು ಪರೀಕ್ಷಿಸುವುದು ಮೇಡಂ ತಮ್ಮ ಮನೆಯಿಂದ, ಗೋಡೆಯ ನಲ್ಲಿ ಕೈಗೆ ಎಟುಕದ ಜಾಗದಿಂದ.

ಹುಡುಗಿಗೆ ಅವರು ಅತಿಥಿಗಳು ಹೋದ ದಿನವೇ ಫೋನು ಮಾಡಿದ್ದರು. "ತಪ್ಪು ನಂದು. ನಿನ್ನ ಮಾತು ನಂಬದೇ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು," ಎಂದು ಸೊನ್ನೆಯ ಎಡವಟ್ಟನ್ನೂ ತಮ್ಮ ಬಲಗೈಯ ಚಾಳಿಯನ್ನೂ ಬಿಡಿಸಿ ಹೇಳಿದರು. ಹುಡುಗಿ ಸ್ವಲ್ಪ ಅತ್ತಳು, ಆಮೇಲೆ ಮೂಗು ಒರೆಸಿಕೊಂಡು, "ಅಲ್ಲ ಮೇಡಂ, ನೀವು ಪ್ರತಿ ಸಲ ಗೋಡೆ ನಲ್ಲಿ ಯಾಕೆ ಮುಚ್ತಿದ್ರಿ?" ಎಂದಳು. ಹಳೆಯ ಹುಡುಗಿ ವಾಪಸು ಬಂದಿದ್ದಳು. ಮೇಡಂ ಹಿಂದಿನ ಸಾಲಿನ ಕಥೆಯನ್ನೆಲ್ಲ ಹೇಳಿದರು. ಅಷ್ಟು ವಿವರವಾಗಿ ಅವರು ಅದನ್ನು ಯಾರಿಗೂ, ಗಂಡನಿಗೂ, ಹೇಳಿರಲಿಲ್ಲ.

ಮುಂದೊಂದು ರಜಾದಿನ ತೊಟ್ಟಿಯ ಪ್ರಯೋಗಕ್ಕೆ ಮತ್ತೆ ಹುಡುಗಿಯ ಸರದಿ. ತನ್ನ ಅಳತೆಗಳನ್ನೆಲ್ಲ ಮುಗಿಸಿದವಳು ಮೇಡಂಗೆ ಫೋನು ಮಾಡಿದಳು. ಮೇಡಂ ಮನೆಯಲ್ಲಿ ಊಟದ ಮೇಜಿನ ಬಳಿ ಬಟ್ಟೆ ಮಡಚುತ್ತಿದ್ದರು.

"ನನ್ನ ಸರದಿ ಇನ್ನೂ ಉಳಿದಿದೆ ಮೇಡಂ. ನಿಮಗೆ ಬಿಟ್ಟುಕೊಟ್ಟಿದ್ದೀನಿ. ನೀವು ತಿರುಗಿಸಿ, ನಾನು ಬರ್ಕೋತೀನಿ."

"ಏ, ನಾನೇ ಮಾಡಿದ ಯಂತ್ರ ಕಣಮ್ಮ ಅದು. ನನಗ್ಯಾಕೆ?"

"ಪರೀಕ್ಷೆ ಮಾಡೋಕ್ಕಲ್ಲ ಮೇಡಂ. ಸುಮ್ನೆ ತಿರುಗಿಸಿ."

ಮೇಡಂ ಬಟ್ಟೆಯನ್ನು ಬದಿಗೆ ಸರಿಸಿ ಕಂಪ್ಯೂಟರ್ ತೆರೆದರು. ಯಾವ ದೋಷವನ್ನೂ ಹುಡುಕದೆ, ಯಾವುದಕ್ಕೂ ಅವಸರಪಡದೆ, ನಾಬನ್ನು ಮೆಲ್ಲಗೆ ತಿರುಗಿಸಿದರು. ದೂರದ ಬೀಗ ಹಾಕಿದ ಕೋಣೆಯಲ್ಲಿ ನೀರು ಏರಿತು. ತುಸು ಹಿಂದಕ್ಕೆ ತಿರುಗಿಸಿದರು, ಏರುವುದು ನಿಧಾನವಾಯಿತು. ಮಟ್ಟ ಒಂದು ಗೆರೆಯ ಬಳಿ ಹೊಯ್ದಾಡಿ ನಿಂತಿತು. ಅತ್ತೆ ಹಿಂದಿನಿಂದ ಬಂದು ಇಣುಕಿ, "ನೀರು ನಿಂತಿದ್ದಕ್ಕೆ ಯಾಕೆ ಕಣ್ಣಲ್ಲಿ ನೀರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

"ಎಷ್ಟು ಬಂತು ಮೇಡಂ?" ಎಂದಳು ಹುಡುಗಿ, ಆ ಕಡೆ ಪೆನ್ನು ಹಿಡಿದು.

ಮೇಡಂ ಅಂಕಿ ಹೇಳಿದರು. ಅದು ತುಟಿಯಿಂದ ಆಚೆಗೆ ಹೋಗಲಿಲ್ಲ.

"ಕೇಳಿಸ್ಲಿಲ್ಲ ಮೇಡಂ. ಹಿಂದೆ ನಿಂತಿದ್ದೀನಿ, ಸ್ವಲ್ಪ ಜೋರಾಗಿ ಹೇಳಿ."

ಮೇಡಂ ಮನೆಯವರಿಗೆಲ್ಲ ಕೇಳಿಸುವಂತೆ, ಜೋರಾಗಿ ಹೇಳಿದರು.